ಮುಂದಿನ ಮರ

ಅರ್ಡಿತ್ ಕೆಸ್ಲರ್ ತಂದದ್ದು ಹಳೆಯ ರಜಾಯಿಯಲ್ಲಿ ಸುತ್ತಿ,
ಕೂಸಿನ ಹಾಗೆ, ತಲೆಯ ಕಡೆ ಕೈಯಿಟ್ಟು.
ಹೊರಗೆ ಸಸ್ಕ್ವೆಹಾನಾ ಹೊಳೆಯ ಮಂಜುಗಡ್ಡೆ ಬಿರಿಯುತ್ತಿತ್ತು.
"ಐದನೇ ದರ್ಜೆ" ಅಂದಳು, ಬೂಟಿನ ಕೆಸರು ಒರೆಸುವ ಮೊದಲೇ.
"ಅಪ್ಪ ಹೇಳುತ್ತಿದ್ದ."

ಅಪ್ಪಂದಿರು ಹೇಳುತ್ತಾರೆ.
ನಲವತ್ತು ವರ್ಷದಿಂದ ಈ ಮೇಜಿನ ಮೇಲೆ
ಅಪ್ಪಂದಿರು ಹೇಳಿದ್ದನ್ನೇ ಬಿಚ್ಚುತ್ತಿದ್ದೇನೆ
ಮೂರು ತುಂಡಾಗಿ: ನಳಿಗೆ, ಹಿಡಿ, ಮುಂದಿನ ಮರ.

ಮೊದಲು ಬೆಳಕು. ಕಿಟಕಿಯದು, ಬಲ್ಬಿನದಲ್ಲ;
ಬಲ್ಬು ಎಲ್ಲರನ್ನೂ ಹೊಗಳುತ್ತದೆ.
ಕಬ್ಬಿಣ ಉಕ್ಕು ಹೆಣೆದು ಜಡೆ ಹಾಕಿದ ಜೋಡುನಳಿಗೆ,
ಸವೆದರೂ ಎಳೆ ಎಳೆ ಕಾಣುತ್ತದೆ.
ಅಡಿಯ ಕೊಕ್ಕೆಯಿಂದ ತೂಗಬಿಟ್ಟು ಬೆರಳ ಗೆಣ್ಣಿನಿಂದ ತಟ್ಟಿದೆ.
ನುಡಿಯಿತು. ಬೆಸುಗೆ ಗಟ್ಟಿ.
ತುದಿಯಲ್ಲಿ ಎರಡು ಬಾಯಿಯೂ ಕೂಡಿವೆ; ಯಾರೂ ಗರಗಸ ಇಟ್ಟಿಲ್ಲ.
ತಿರುಪುಗಳ ಸೀಳು ಒಂದೇ ದಿಕ್ಕಿಗೆ ಮಲಗಿವೆ,
ಒಂದು ಮಾತ್ರ ಕತ್ತು ತಿರುಗಿಸಿದೆ, ತಲೆ ಜಜ್ಜಿ:
ಅಡುಗೆಮನೆಯ ಚಾಕು, ನನ್ನ ಊಹೆ.

ಕೆತ್ತನೆಗೆ ಭೂತಗನ್ನಡಿ.
ಐದನೇ ದರ್ಜೆಯ ನಾಯಿಗೆ ಪಕ್ಕೆಲುಬು ಕಾಣಬೇಕು,
ಅದು ಉಸಿರು ಬಿಟ್ಟ ಕಡೆ ಹುಲ್ಲು ಬಾಗಬೇಕು.
ಈ ನಾಯಿ ಬೊಂಬೆಯಂಗಡಿಯದು.
ಒಳಗೆ, ಎಣ್ಣೆಯ ಕರಿಯ ಅಡಿ, ಕಾರ್ಖಾನೆಯ ಅಚ್ಚೂ ಅದನ್ನೇ ಹೇಳಿತು: ಮೂರು.
ಉಕ್ಕಿನ ಮೈಗೆ ಕೊಟ್ಟ ನೀಲಿ, ಹುಲ್ಲುಗಂದು,
ಕೈ ತಾಗದ ಮೂಲೆಯಲ್ಲಷ್ಟೇ ಉಳಿದಿವೆ.
ಹಾಗೆ ಉಳಿದರೇ ನಿಜ. ಮೈಯೆಲ್ಲ ಹೊಳೆದಿದ್ದರೆ
ಅಲ್ಲಿಗೇ ಬಣ್ಣ ಬಯಲು.

"ಮೂರು ಕೆಟ್ಟದ್ದಲ್ಲ" ಅಂದೆ.
"ಹೂಂ" ಅಂದಳು, ಯಾರೋ ತೀರಿಕೊಂಡ ಸುದ್ದಿಗೆ ಅನ್ನುವ ಹೂಂ.

ಆಮೇಲೆ ಸಂಖ್ಯೆ.
ನಳಿಗೆಯ ಅಡಿ: ೬೧೮೪೭.
ಉಕ್ಕಿನ ಮೈ: ೬೧೮೪೭.
ಮುಂದಿನ ಮರದ ಪಟ್ಟಿ,
ಕನ್ನಡಕ ಒರೆಸಿ ಮತ್ತೆ ನೋಡಿದೆ: ೬೧೮೪೮.

ಒಂದೇ ಒಂದು.
ಸಂತೆಯಲ್ಲಿ ಸಿಕ್ಕ ಬಿಡಿತುಂಡಾದರೆ ಸಾವಿರ ಆಚೆ ಇರುತ್ತಿತ್ತು.
ಇದು ಪಕ್ಕದ್ದು, ಅದೇ ವಾರ, ಅದೇ ಬೆಂಚಿನ ಮೇಲೆ ಹುಟ್ಟಿದ್ದು.

"ನಿಮ್ಮಪ್ಪನಿಗೆ ಅಣ್ಣತಮ್ಮ ಯಾರಾದರೂ?"
ಕೈಚೀಲದ ಗುಂಡಿ ಎರಡು ಸಲ ತೆಗೆದು ಹಾಕಿದಳು.
"ಲೂಟ್ ಚಿಕ್ಕಪ್ಪ. ನೋಡಿದ್ದು ಒಮ್ಮೆ,
ರಸ್ತೆಯ ಆಚೆ ಬದಿಯಲ್ಲಿ.
ಬೇಲಿಯ ವಿಷಯಕ್ಕೆ ಅಂತ ಅಮ್ಮ. ನಾಯಿಯ ವಿಷಯಕ್ಕೆ ಅಂತ ಅಜ್ಜಿ."

ಹಾಗಾದರೆ ಒಂದು ಸಂಜೆ ಇತ್ತು.
ಒಂದೇ ಮೇಜು, ಹಳೆಯ ಪೇಪರು ಹಾಸಿ,
ಆರು ತುಂಡು, ಒಂದೇ ಎಣ್ಣೆಬಟ್ಟೆ.
ನಗೆಯ ಭರದಲ್ಲಿ ಕೈ ತಪ್ಪಿತೋ,
ಜಗಳದ ಮಧ್ಯೆ ಕೈಗೆ ಸಿಕ್ಕದ್ದನ್ನು ಜೋಡಿಸಿ ಎದ್ದರೋ.
ಮರ ಕೂತಿತು, ಕೊಂಚ ಬಿಗಿ.
ಯಾರಿಗೂ ತಿಳಿಯಲಿಲ್ಲ.
ಅಥವಾ ತಿಳಿದೂ, ಮೊದಲು ಬಾಯಿ ಬಿಡುವವನು ನಾನೇಕೆ ಅಂತ
ಮೂವತ್ತೊಂದು ಬೇಟೆಗಾಲ ಒಬ್ಬೊಬ್ಬರೇ,
ಎಡ ಅಂಗೈಯಲ್ಲಿ ಇನ್ನೊಬ್ಬನ ಮರ ಹಿಡಿದು
ಜೋಳದ ಕೂಳೆಯಲ್ಲಿ ನಡೆದರೋ.

ಚೀಟಿಯಲ್ಲಿ ಅದೆಲ್ಲ ಬರೆಯುವಂತಿಲ್ಲ.
ಬರೆದೆ: ದರ್ಜೆ ಮೂರು. ಮುಂದಿನ ಮರ ಮೂಲದ್ದಲ್ಲ.
ಬೆಲೆಯಲ್ಲಿ ಮೂರನೇ ಒಂದು ಪಾಲು ಕಡಿತ.

"ಸರಿಯಾದದ್ದು ಎಲ್ಲಿ ಸಿಗುತ್ತೆ?"
"ಎಲ್ಲೋ ಒಂದು ಕೋವಿ ಇದೆ," ಅಂದೆ, "ಇಷ್ಟೇ ತಪ್ಪಾಗಿ."

ಕೋವಿಯನ್ನು ಮತ್ತೆ ರಜಾಯಿಯಲ್ಲಿ ಸುತ್ತಿದಳು.
ಮರವನ್ನು ಮಾತ್ರ ಕೋಟಿನ ಜೇಬಿಗೆ ಹಾಕಿಕೊಂಡಳು.
ಬಾಗಿಲ ಬಳಿ ನಿಂತು,
"ಲೂಟ್‌ನ ಮಗ ಸೇತುವೆಯಾಚೆ ಟೈರ್ ಅಂಗಡಿ ಇಟ್ಟಿದ್ದಾನಂತೆ.
ಬೇಲಿಯೋ ನಾಯಿಯೋ, ಅವನಿಗೆ ಗೊತ್ತಿರಬಹುದು."