ರೂಪಾಯಿಯಗಲ ಬರಿ ಕಬ್ಬಿಣ

ಮೆರವಣಿಗೆಯ ಕಾರು ಓಡುವುದಿಲ್ಲ, ತೆವಳುತ್ತದೆ.
ಮುಂದೆ ಬ್ಯಾಂಡಿನವರು, ಅವರ ಮುಂದೆ ಕುಣಿಯುವ ಭಾವಮೈದುನರು,
ಹೆಜ್ಜೆಗೊಂದು ನಿಲುಗಡೆ, ನಿಲುಗಡೆಗೊಂದು ಹಾಡು.
ಕೌಲ್ ಬಜಾರಿನಿಂದ ಮೋತಿ ಸರ್ಕಲ್ಲಿಗೆ
ಕೆಲಸವಿದ್ದವರಿಗೆ ಒಂದು ಚಣ,
ಮದುಮಗನಿಗೆ ಎರಡೂವರೆ ತಾಸು.

ನನ್ನದು ಐವತ್ತಾರರ ಲ್ಯಾಂಡ್‌ಮಾಸ್ಟರ್.
ಮೈತುಂಬ ಸೇವಂತಿಗೆ, ಬಾನೆಟ್ಟಿನ ಮೇಲೆ ಥರ್ಮಕೋಲಿನಲ್ಲಿ
ಇಬ್ಬರ ಹೆಸರು, ಒಮ್ಮೊಮ್ಮೆ ಕಾಗುಣಿತ ತಪ್ಪಿ.
ಹಿಂದಿನ ಸೀಟಿನಲ್ಲಿ ಬೆವರುವ ಹುಡುಗ, ಸಡಿಲಾದ ಪೇಟ.
ನನ್ನ ಕಾಲು ಕ್ಲಚ್ಚಿನ ಮೇಲೆ,
ಎಂಜಿನ್ನು ಉಂಡು ಮಲಗಿದವರ ಗೊರಕೆಯ ಹಾಗೆ.
ಆಗಲೇ ಅದು ಶುರು:
ಹೆಡ್‌ಲೈಟು ಎರಡೂ ಹಳದಿಗೆ ತಿರುಗಿ
ಹಳದಿ ಅರಿಸಿನವಾಗಿ, ಅರಿಸಿನ ಕೆಂಡವಾಗಿ,
ಡ್ಯಾಶ್‌ಬೋರ್ಡಿನ ಕೆಂಪು ಬಲ್ಬು ಮಾತ್ರ
ಹಟದಿಂದ ಕಣ್ಣು ಬಿಡುತ್ತದೆ.

ಹೋದ ಮಾಘದಲ್ಲಿ ಹುಡುಗಿಯ ಸೋದರತ್ತೆ
ಕಿಟಕಿಗೆ ಬಾಗಿ ಅಂದದ್ದು ಇಷ್ಟೇ:
"ದೀಪ ಸಣ್ಣಗಾದ್ವಲ್ಲಪಾ ಡ್ರೈವರಾ, ಒಳ್ಳೇ ಹೊತ್ನಾಗ."
ಬಾಡಿಗೆಯಲ್ಲಿ ಐನೂರು ಮುರಿದುಕೊಂಡರು.
ಐನೂರಕ್ಕಲ್ಲ;
ಆ ಹುಡುಗಿ ತಲೆಯೆತ್ತಿ ಕನ್ನಡಿಯಲ್ಲಿ
ನನ್ನನ್ನು ನೋಡಿದಳಲ್ಲ,
ಅದಕ್ಕೆ ನಿದ್ದೆ ಬರಲಿಲ್ಲ.

ಬಲ್ಬು ಬದಲಿಸಿದೆ. ಬ್ಯಾಟರಿ ಬದಲಿಸಿದೆ.
"ಡೈನಮೋ ಕಿತ್ತೊಗದು ಆಲ್ಟರ್ನೇಟರ್ ಹಾಕಾಮು" ಎಂದ
ಬೈಪಾಸಿನ ಹುಡುಗ,
ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿ
ಒಂದಿಷ್ಟು ಹೊಗೆ ಎಬ್ಬಿಸಿದ ಮೇಲೆ.

ಕಡೆಗೆ ಗಾದಿಲಿಂಗಪ್ಪ.
ಕೋಟೆಗುಡ್ಡದ ಬುಡದಲ್ಲಿ ತಗಡಿನ ಅಂಗಡಿ, ಬೋರ್ಡಿಲ್ಲ,
ಬಾಗಿಲಿಗೆ ಸತ್ತ ಹಾರನ್ನೊಂದು ತೂಗುಹಾಕಿದೆ.
ಮೊದಲು ಮುಟ್ಟಿದ್ದು ಕಾರನ್ನಲ್ಲ, ಚಹಾದ ಲೋಟ.
"ನಿಂತಾಗ ಡೈನಮೋ ದುಡಿಯಂಗಿಲ್ಲಪಾ ಎರ್ರಿಸ್ವಾಮಿ,
ಅದರ ಗುಣಾನೇ ಅಷ್ಟು. ಅದನ್ನ ಬೈಬ್ಯಾಡ.
ನಿಂತಾಗ ಮನಿ ನಡೆಸಾದು ಬ್ಯಾಟರಿ.
ಅದು ಕೊಟ್ಟಿದ್ದು ದೀಪಕ್ಕ ಮುಟ್ತೈತೋ ಇಲ್ಲೋ
ಅದನ್ನ ನೋಡಾಮು."

ಮೀಟರಿನ ಮುಳ್ಳು ಬ್ಯಾಟರಿಯ ನೆತ್ತಿಯಲ್ಲಿ ಹನ್ನೆರಡೂಕಾಲು.
ದೀಪದ ಬೆನ್ನಲ್ಲಿ ಒಂಬತ್ತೂವರೆ.
ಎರಡೂಮುಕ್ಕಾಲು ವೋಲ್ಟು ಹಾದಿಯಲ್ಲಿ ಯಾರು ತಿಂದರು?
ವೈರು ಹಿಡಿದು ನಡೆದ,
ಕಳುವಾದ ಎಮ್ಮೆಯ ಹೆಜ್ಜೆ ಹಿಡಿದವನ ಹಾಗೆ.
ಒಂದು ವೋಲ್ಟು ಸ್ವಿಚ್ಚಿನಲ್ಲಿ ಸಿಕ್ಕಿತು,
ಅರವತ್ತೆಂಟು ವರ್ಷ ಉರಿದು ಕಪ್ಪಿಟ್ಟ ಹಿತ್ತಾಳೆ ನಾಲಗೆಯಲ್ಲಿ.
ಉಳಿದದ್ದು ಮಡ್‌ಗಾರ್ಡಿನ ಹಿಂದೆ,
ಅರ್ಥ್ ವೈರಿನ ಬೋಲ್ಟಿನಡಿ.

"ಯಾರು ಬಳಿದಿದ್ದು ಇದನ್ನ?"
ನಾನೇ. ಎರಡು ಕೈ ಪ್ರೈಮರು, ನಾಲ್ಕು ಕೈ ಕೆನೆಬಣ್ಣ,
ಮೇಲೆ ಗಾಜಿನಂಥ ಹೊಳಪು,
ಫೋಟೋದಲ್ಲಿ ಚಂದ ಬರಲೆಂದು
ಸಂದುಗೊಂದಿಯನ್ನೂ ಬಿಡದೆ.
"ಬಣ್ಣದಾಗಿಂದ ಕರೆಂಟು ಹಾಯಂಗಿಲ್ಲಪಾ" ಎಂದ,
ಬೈದಂತಲ್ಲ, ಇವತ್ತು ಬಿಸಿಲು ಜಾಸ್ತಿ ಎಂದಂತೆ.
ಅಂಗೈಗೆ ಉಪ್ಪುಕಾಗದ ಇಟ್ಟ.
"ನೀನೇ ಬಳದಿ, ನೀನೇ ಕೆರಿ."

ಕೆರೆದೆ. ಕೆನೆ ಹೋಯಿತು, ಬೂದು ಹೋಯಿತು,
ಅದರಡಿ ಹಿಂದಿನ ಮಾಲೀಕರ ಹಸಿರು,
ಅದರಡಿ ಇನ್ಯಾರದೋ ಕರಿ,
ಅದರಡಿ ತುಕ್ಕು, ನಮ್ಮೂರ ಅದಿರು ಲಾರಿಯ ಧೂಳಿನದೇ ಬಣ್ಣ.
ಕೊನೆಗೆ ರೂಪಾಯಿಯಗಲ
ಬರಿ ಕಬ್ಬಿಣ, ಕೂಸಿನ ಮೊದಲ ಹಲ್ಲಿನಷ್ಟು ಬಿಳಿ.

ಅಲ್ಲಿ ತಂತಿ ಕೂರಿಸಿ, ಬಿಗಿದು, ಗ್ರೀಸು ಸವರಿದ.
ಬ್ಯಾಟರಿಯಿಂದ ದೀಪಕ್ಕೆ ದಪ್ಪ ವೈರು, ನಡುವೆ ಒಂದು ರಿಲೇ:
"ಇನ್ನ ಆ ಮುದುಕ ಸ್ವಿಚ್ಚು ಮೂಟಿ ಹೊರಂಗಿಲ್ಲ,
ಕಣ್ಸನ್ನಿ ಮಾಡಿದ್ರ ಸಾಕು."
ಕೂಲಿಯೆಂದು ಕೇಳಿದ್ದು
ಸೋದರತ್ತೆ ಮುರಿದುಕೊಂಡದ್ದಕ್ಕಿಂತ ಕಡಿಮೆ.

ವೈಶಾಖದ ರಾತ್ರಿ, ಮತ್ತೊಂದು ಮದುವೆ.
ಮೋತಿ ಸರ್ಕಲ್ಲಿನಲ್ಲಿ ಭಾವಮೈದುನರು ಹಾಡು ಬದಲಿಸಲು ನಿಂತರು.
ಎಂಜಿನ್ನು ಗೊರಕೆಗಿಳಿಯಿತು.
ಕೆಂಪು ಬಲ್ಬು ಕಣ್ಣು ಬಿಟ್ಟಿತು. ಬೈಯಲಿಲ್ಲ.
ದೀಪ ತುಸು ಇಳಿದವು, ಸುಳ್ಳು ಯಾಕೆ,
ಆದರೆ ಬೆಳ್ಳಗೇ ಇದ್ದವು.
ಆ ಬೆಳಕಿನಲ್ಲಿ ಕಂಡಿತು
ಇಷ್ಟು ವರ್ಷ ನನ್ನ ಮುಂದೆಯೇ ನಡೆದ
ಕ್ಲಾರಿಯೋನೆಟ್ ಹುಸೇನಪ್ಪನ ಹಿಮ್ಮಡಿ,
ಉಂಗುಟಕ್ಕೆ ವೈರು ಸುತ್ತಿದ ಚಪ್ಪಲಿ.

ಅವನು ತಿರುಗಿ, ಕಣ್ಣಿಗೆ ಕೈ ಅಡ್ಡ ಹಿಡಿದ.
"ಡಿಪ್ ಮಾಡಲೇ ಸ್ವಾಮಿ, ಕಣ್ಣು ಕುಕ್ತಾವ!"
ಗೇರು ನ್ಯೂಟ್ರಲ್ಲಿಗೆ ತಂದು
ಎಡಗಾಲಿನಿಂದ ನೆಲದ ಗುಂಡಿ ಒತ್ತಿದೆ.