ಕೆಲವರು

ಮೂವತ್ತೊಂದು ವರ್ಷ ವೇದಿಕೆಯ ಹಿಂದೆ
ಆಂಪ್ಲಿಫೈಯರ್ ಪಕ್ಕ ಕೂತವನು ನಾನು,
ಹೊಸನಗರದ ಬೂದ್ಯಪ್ಪ, ಮೈಕ್‌ಸೆಟ್ಟಿನ ಬೂದ್ಯಪ್ಪ.
ಭಾಷಣ ಮಾಡುವವರ ಮುಖ ಕಂಡಿದ್ದು ಕಮ್ಮಿ,
ಬೆನ್ನು ಗೊತ್ತು:
ಮೊದಲು ಹೆಗಲು ಒಂದು ಬೆರಳಿನಷ್ಟು ಏಳುತ್ತದೆ,
ಮೀಟರಿನ ಮುಳ್ಳು ಕೆಂಪಿಗೆ ಹಾರುತ್ತದೆ,
ಆಮೇಲೆ ಬರುತ್ತಾರೆ ಅವರು,
ಕೆಲವರು.

"ಕೆಲವರು ಹೇಳುತ್ತಾರೆ..."
ಹೇಳುವುದಾದರೂ ಎಂತದು ಮಾರಾಯರೆ,
ದೇಶಕ್ಕೆ ದೀಪ ಬೇಡ ಅಂತಾರಂತೆ,
ಶಾಲೆಗೆ ಬೀಗ ಜಡೀರಿ ಅಂತಾರಂತೆ,
ಹೆತ್ತ ತಾಯಿಗೆ ಗಂಜಿ ದಂಡ ಅಂತಾರಂತೆ.
ನಾನು ಹುಡುಕಿದ್ದೇನೆ ಇವರನ್ನು,
ರಿಪ್ಪನ್‌ಪೇಟೆಯ ಸಂತೆಯಲ್ಲಿ, ಆನಂದಪುರದ ರೈಲಿನಲ್ಲಿ.
ವಾಯರ್ ಕೊಳ್ಳಲು ಶಿವಮೊಗ್ಗಕ್ಕೆ ಹೋದಾಗ
ಗಾಂಧಿ ಬಜಾರಿನ ಅಂಗಡಿಯವನನ್ನೂ ಕೇಳಿದ್ದೇನೆ.
ರೇಷನ್ ಕಾರ್ಡಿಲ್ಲ ಅವರಿಗೆ, ಮನೆ ನಂಬರಿಲ್ಲ.
ವಾರಕ್ಕೆರಡು ಸಲ ಮೈಕಿನ ಮುಂದೆ ಸಾಯುತ್ತಾರೆ,
ತಿಥಿ ಊಟ ಉಂಡವರು ಯಾರೂ ಇಲ್ಲ.

ನಮ್ಮಪ್ಪ ಗದ್ದೆಗೆ ಬೆರ್ಚಪ್ಪ ಕಟ್ಟುತ್ತಿದ್ದ.
ಹುಲ್ಲು ತುರುಕಿ, ತನ್ನದೇ ಹಳೇ ಅಂಗಿ ತೊಡಿಸಿ,
ಮಡಕೆಗೆ ಸುಣ್ಣದ ಕಣ್ಣು ಬರೆದು.
ಅದನ್ನು ಕಟ್ಟಿ, ತಾನೇ ಹೊಡೆದು ಬೀಳಿಸಿ,
ಗೆದ್ದೆ ಅಂತ ಮನೆಗೆ ಬಂದವನಲ್ಲ ಅಪ್ಪ.
ಕಾಡುಹಂದಿಗೂ ಮೂರನೇ ರಾತ್ರಿಗೆ ತಿಳಿಯುತ್ತಿತ್ತು
ಒಳಗಿರುವುದು ಹುಲ್ಲು ಅಂತ.
ನಮಗೆ ಮೂವತ್ತು ವರ್ಷವಾದರೂ...
ಹೋಗಲಿ.

ಏಪ್ರಿಲ್ ತಿಂಗಳು, ಬಿಲ್ಲೇಸರದ ಶಾಲೆ ಮೈದಾನ.
ಬಿಸಿಯೂಟದ ಗುತ್ಯಮ್ಮ ಮೈಕು ಕೇಳಿ ಪಡೆದಳು,
ಸೆರಗಿನಲ್ಲಿ ಸಾರಿನ ವಾಸನೆ ಇನ್ನೂ ಆರಿರಲಿಲ್ಲ.
"ಸಂಕದ ಎರಡು ಬಗನಿ ಮರದಾಗೆ ಒಂದು ಕೊಳ್ತೈತೆ.
ಏಳು ಮಕ್ಕಳು ದಾಟ್ತಾವೆ.
ಮಳೆ ಹಿಡಿಯೋದ್ರೊಳಗೆ ಒಂದು ಹಲಗೆ ಹಾಕ್ಸಿ."
ಇಷ್ಟೇ. ಹನ್ನೊಂದು ಸೆಕೆಂಡು.
ಹನ್ನೆರಡನೆಯದಕ್ಕೆ ವೇದಿಕೆಯಲ್ಲಿ ಒಂದು ಬೆರಳು ಆಡಿತು,
ನಾನು ಅವಳ ಗುಂಡಿಯನ್ನು ಸೊನ್ನೆಗೆ ತಿರುಗಿಸಿದೆ.
ಹಿಂದಿನ ಸಭೆಯ ಬಾಡಿಗೆ ಬಾಕಿಯಿತ್ತು.
ಇದು ಕಾರಣ, ನೆಪವಲ್ಲ.
ಅಥವಾ ನೆಪವೇ.

ಹೆಗಲು ಎದ್ದಿತು. ಮುಳ್ಳು ಹಾರಿತು.
"ಕೆಲವರು ಹೇಳುತ್ತಾರೆ,
ನಿಮ್ಮ ಅಜ್ಜಂದಿರು ಕಟ್ಟಿದ್ದೆಲ್ಲ ಕೊಳೆತು ಹೋಗಿದೆ ಅಂತ!
ಕೆಲವರು ಹೇಳುತ್ತಾರೆ,
ಈ ಊರನ್ನೇ ಕಿತ್ತು ಹೊಳೆಗೆ ಎಸೀರಿ ಅಂತ!
ಬಿಡ್ತೀರಾ?"

ಊರು ಹೊಳೆಗೆ ಹೋಗುವುದೆಂದರೆ ಏನೆಂದು
ಬಲ್ಲ ಸೀಮೆ ಇದು.
ಗುತ್ಯಮ್ಮನ ತವರು ಈಗಲೂ ಹಿನ್ನೀರಿನಡಿ ಇದೆ,
ಬೇಸಿಗೆ ಬಿರುಸಾದರೆ ತುಳಸಿಕಟ್ಟೆ ತಲೆ ತೋರಿಸುತ್ತದೆ.
ಎಲ್ಲಿ ಮುಟ್ಟಿದರೆ ನೋಯುತ್ತದೆಂದು
ಮುಟ್ಟುವವರಿಗೂ ಗೊತ್ತು.

"ಬಿಡಲ್ಲ!" ಅಂದಿತು ಮೈದಾನ.
"ಬಿಡಲ್ಲ" ಅಂದಿತು ಗುಡ್ಡ, ಅರೆಗಳಿಗೆ ತಡವಾಗಿ.
ಮೂರನೇ ಸಾಲಿನ ಕುರ್ಚಿಯಿಂದ
ಗುತ್ಯಮ್ಮನೂ ಎದ್ದು, ಮುಷ್ಟಿ ಎತ್ತಿ,
"ಬಿಡಲ್ಲ!"

ವಾಯರ್ ಸುತ್ತುತ್ತಿದ್ದಾಗ ಹತ್ತಿರ ಬಂದಳು.
"ತಮಾ, ಆ ಕೆಲವರು ಯಾವೂರವ್ರಾ?
ಎಂಥಾ ಜನ ನೋಡು! ಸಿಕ್ಕಿದ್ರೆ ನಾಲ್ಕು ಬಿಗೀಬೇಕು."
ಪ್ಲಗ್ಗಿನ ತಿರುಪು ಬಿಗಿ ಮಾಡುತ್ತ ನಿಂತೆ,
ಅದು ಮೊದಲೇ ಬಿಗಿಯಾಗಿತ್ತು.

ಮುಂದಿನ ವಾರ ಅದೇ ಮೈದಾನ, ಇನ್ನೊಂದು ಬಾವುಟ.
ಕೆಲವರು ಅಂಗಿ ಬದಲಿಸಿಕೊಂಡು ಬಂದರು.
ಹುಲ್ಲು ಅದೇ ಗದ್ದೆಯದು.

ಇವತ್ತು ಮೂರನೇ ಸಭೆ. ಜನ ಇನ್ನೂ ಬಂದಿಲ್ಲ.
ಸತ್ತಾರ್ ಸಾಬರ ಮೊಮ್ಮಗ ಒಬ್ಬನೇ ಕುರ್ಚಿ ಇಳಿಸುತ್ತಿದ್ದಾನೆ.
ಮೈಕು ಪರೀಕ್ಷೆ ಮಾಡಬೇಕು.
ಹಲೋ ಹಲೋ ಅನ್ನಲು ಯಾಕೋ ಬಾಯಿ ಬರಲಿಲ್ಲ.
ಅಂದೆ:
ಸಂಕದ ಎರಡು ಬಗನಿ ಮರದಾಗೆ ಒಂದು ಕೊಳ್ತೈತೆ.
ಏಳು ಮಕ್ಕಳು ದಾಟ್ತಾವೆ.
ಹೇಳಿದ್ದು ಗುತ್ಯಮ್ಮ.

ಮುಳ್ಳು ಹಸಿರು ದಾಟಲಿಲ್ಲ.
ಮೈದಾನದ ಆ ತುದಿಯಿಂದ
ಹುಡುಗ ಕೈ ಎತ್ತಿ ಕೂಗಿದ:
"ಕೇಳ್ತದೆ ಕಾಕಾ, ಹೊಳೆ ತನಕ ಕೇಳ್ತದೆ."