ದೀಪದ ಕೋಣೆಯಲ್ಲಿ ಕಾಡಿನ ಲೆಕ್ಕ

ಹಟ್ಟಿಯಲ್ಲಿ ಮೇ ತಿಂಗಳು. ಕಾದ ತಗಡಿನ ಮೇಲೆ
ಕಾಗೆ ಕಾಲೂರಲಾರದೆ ಹಾರಿಹೋಗುವ ಮಧ್ಯಾಹ್ನ
ದೀಪದ ಕೋಣೆಯ ಮೇಜಿಗೆ ಮಳೆಕಾಡಿನ ನಕಾಶೆ ಹರವಿ
ಸುರುಳಿಯಾಗದಂತೆ ಮೂಲೆಗೊಂದು ಟೋಪಿದೀಪದ ಬ್ಯಾಟರಿ ಇಟ್ಟು
ಕೂತಿದ್ದೇವೆ: ಜಂಬಣ್ಣ, ಸೂಗಪ್ಪ, ಲಿಫ್ಟಿನ ಹನೀಫ್, ನಾನು.

"ಮೊದಲ್ನೇ ದಿನ ಎಂಟೇ ಕಿಲೋಮೀಟರ್. ಏನ್ ಮಹಾ?" ಅಂದ ಹನೀಫ್.
ಜಂಬಣ್ಣ ನಕ್ಕ.
"ಒಳಗ ನಾವು ಎಂದಾರ ಕಿಲೋಮೀಟರ್ ಎಣಿಸೀವೇನು?
ಹಸಿ ಜಾಗ, ಬಿಸಿ ಜಾಗ, ಬೆವರು ಆರದ ಜಾಗ.
ಅಲ್ಲಿ ದೂರ ಅಂದ್ರ ಹೊತ್ತು."
ನಾನು ಬರೆದುಕೊಂಡೆ: ತಾಸಿಗೆ ಒಂದೇ ಕಿಲೋಮೀಟರು.
ಮೂರಕ್ಕೆ ನಡಿಗೆ ಬಂದ್.
ನಾಲ್ಕಕ್ಕೇ ಅಲ್ಲಿ ಕತ್ತಲು ಕೂಡುತ್ತದಂತೆ,
ಮರದ ಮೇಲೆ ಮರ, ಅದರ ಮೇಲೆ ಇನ್ನೊಂದು,
ಸೂರ್ಯ ಇದ್ದೂ ಕೆಳಗಿನವರ ಪಾಲಿಗೆ ಇಲ್ಲ.
ಇವರಿಗೆ ಅದೇನು ಹೊಸದೆ?

ಅಕ್ಕಿ, ತಲೆಗೆ ದಿನಕ್ಕೆ ನಾನೂರು ಗ್ರಾಂ. ಬೇಳೆ ಎರಡು ಹಿಡಿ.
ಶೇಂಗಾ ಹಿಂಡಿ. ಉಪ್ಪು ಸಾರಿಗೊಂದು ಗಂಟು, ಇಂಬಳಕ್ಕೊಂದು.
ಕಟಕ ರೊಟ್ಟಿ ನಲವತ್ತು, ಇದು ಸೂಗಪ್ಪನ ಹಟ.
"ಅಲ್ಲಿ ಗಾಳಿಯೊಳಗೇ ನೀರು ಇರ್ತದ, ಬೆಳಗಾಗೋದ್ರೊಳಗ ಮೆತ್ತಗಾಗ್ತಾವ" ಅಂದೆ.
"ಹಂಗಾದ್ರ ರಾತ್ರೀನೇ ತಿಂತೀನಿ ತಗೋ, ನಲವತ್ತೂ."

ಮಳೆಯಂಗಿ ಸೋರುತ್ತದೋ ಇಲ್ಲವೋ ನೋಡಲು
ಈ ಊರಿಗೆ ಮಳೆ ಎಲ್ಲಿಂದ ತರುವುದು?
ಕಾಲೋನಿಗೆ ಬಂದ ಟ್ಯಾಂಕರಿನ ಕೊಳವೆ ಕೆಳಗೆ
ಹನೀಫನನ್ನು ನಿಲ್ಲಿಸಿದೆವು.
ಕೊಡ ಹಿಡಿದ ಹೆಂಗಸರು ಬೈದರು. ಬೈಯಲಿ, ತಪ್ಪು ನಮ್ಮದೇ.
ಎಡ ಕಂಕುಳ ಹೊಲಿಗೆ ಸೋರಿತು,
ಜೇಬಿನ ಕಡ್ಡಿಪೆಟ್ಟಿಗೆ ಒಣಗೇ ಇತ್ತು.

ಇಂಬಳದ ಕಾಲುಚೀಲಕ್ಕೆ ಅಳತೆ ತೆಗೆಯುತ್ತ ದರ್ಜಿ ಮೌಲಾಸಾಬ್
ಕನ್ನಡಕ ಹಣೆಗೇರಿಸಿ ಕೇಳಿದ: "ಎಷ್ಟು ದಪ್ಪ ಇರ್ತದಬೇ ಅದು?"
"ಕುಡಿಯೋ ಮೊದಲು ದಾರದಷ್ಟು."
"ಅಂದ್ರ ಸೂಜಿ ತೂತೂ ಅದಕ್ಕ ಬಾಗಿಲೇ"
ಅಂದು ಹೊಲಿಗೆ ಮೇಲೆ ಇನ್ನೊಂದು ಹೊಲಿಗೆ ಹಾಕಿ
ಮೇಣ ತಿಕ್ಕಿದ. ಎರಡನೇ ಹೊಲಿಗೆಗೆ ಕಾಸು ಮುಟ್ಟಲಿಲ್ಲ.

ಹೋಗುವುದು ಕಾರ್ತಿಕದಲ್ಲಿ. ಹೊಳೆ ಅಷ್ಟರಲ್ಲಿ ಇಳಿದಿರುತ್ತದೆ ಅನ್ನುತ್ತಾರೆ,
ಅನ್ನುವವರನ್ನು ನಂಬಿ ಹೊಳೆ ಇಳಿಯುವುದಿಲ್ಲ.
ಅದಕ್ಕೆ ಮೂರನೇ ದಿನದ ಎದುರು ಏನೂ ಬರೆದಿಲ್ಲ.
ನೀರು ಏರಿದರೆ ದಡದಲ್ಲಿ ಸುಮ್ಮನೆ ಕೂಡುವ ದಿನ ಅದು.
ಅದಕ್ಕೂ ನಾನೂರು ಗ್ರಾಂ ಅಕ್ಕಿ.

ಹತ್ತೊಂಬತ್ತು ವರ್ಷ ಈ ಕಿಟಕಿಯಲ್ಲಿದ್ದೇನೆ.
ಇಳಿಯುವವರು ಬಿಲ್ಲೆ ಕೊಟ್ಟು ದೀಪ ಒಯ್ಯುತ್ತಾರೆ,
ಏರಿ ಬಂದವರು ದೀಪ ಕೊಟ್ಟು ಬಿಲ್ಲೆ.
ಪಾಳಿ ಮುಗಿದಾಗ ಕೊಕ್ಕೆಗಳು ಬರಿದಾಗಿರಬೇಕು.
ನನಗೆ ಗೊತ್ತಿರುವ ಗಣಿ ಇಷ್ಟೇ.
ಒಂದು ರಾತ್ರಿ ಮುನ್ನೂರ ಹನ್ನೆರಡು ಉಳಿಯಿತು, ನಲವತ್ತು ನಿಮಿಷ.
ಕೆಳಗೆ ನಿದ್ದೆ ಹತ್ತಿತ್ತಂತೆ ಜಂಬಣ್ಣನಿಗೆ.
ಬಿಲ್ಲೆಯನ್ನು ಅವನ ಕೈಗೆ ಕೊಡಲಿಲ್ಲ ನಾನು,
ಕಿಟಕಿಯ ಕಟ್ಟೆ ಮೇಲೆ ಇಟ್ಟು ಒಳಗೆ ಹೋದೆ.

ಎಲ್ಲ ಪಟ್ಟಿಗಿಂತ ಮೊದಲು ಬರೆದದ್ದು ಈ ಚೀಟಿ:
ರಾಚಮ್ಮಾ, ನಮ್ಮ ನಾಲ್ಕು ಬಿಲ್ಲೆ ನಿನ್ನ ಅಡಿಗೆಮನೆಯ ಮೊಳೆಗೆ.
ಐದನೇ ದಿನ ಸಂಜೆ ಆರರ ತನಕ ಫೋನು ಬರದಿದ್ದರೆ
ಮೊದಲು ಅರಣ್ಯ ಕಚೇರಿ, ಆಮೇಲೆ ಜೀಪಿನವನು, ನಂಬರು ಕೆಳಗಿದೆ.
ಆರಕ್ಕೆ ಮುಂಚೆ ಹೆದರಬೇಡ.
ಆರಾದ ಮೇಲೆ, ಚಹಾ ಕುಡಿದು ನೋಡೋಣ ಅನ್ನಬೇಡ.

ನಾಲ್ಕನೆಯದು ನನ್ನದು. ಎಂದೂ ಇಳಿಯದವಳಿಗೆ ನಂಬರು ಎಲ್ಲಿಯದು?
ಹಾಲಿನಪುಡಿ ಡಬ್ಬಿಯ ಮುಚ್ಚಳವನ್ನು ದುಂಡಗೆ ಕತ್ತರಿಸಿ
ತೂತು ಹೊಡೆದು, ಏನು ಗೀಚಲಿ ಎಂದು ಮೊಳೆ ಹಿಡಿದು ಕೂತಾಗ
ಜಂಬಣ್ಣ ಅಂದ, "ಬರೀಬ್ಯಾಡ ಬಿಡು.
ಖಾಲಿ ಇದ್ದದ್ದು ನಿಂದು ಅಂತ ಗೊತ್ತಾಗ್ತದ."

ಸೈರನ್ ಕೂಗಿತು.
ಮೂಲೆಯ ಬ್ಯಾಟರಿಗಳು ಒಂದೊಂದಾಗಿ ಸೊಂಟಕ್ಕೆ ಹೋದವು.
ಹಿಡಿಯುವವರಿಲ್ಲದ ಕಾಡು
ಮೇಜಿನ ಮೇಲೆ ತಾನಾಗಿ ಸುತ್ತಿಕೊಂಡಿತು.